ಬಿಚ್ಚಿದರೆ ಬದುಕುವ ಗಾಡಿ

1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಅಮೆರಿಕದ ಮಾರುಕಟ್ಟೆಗೆ ಒಂದು ಹೊಸ ಗಾಡಿ ಬಿಟ್ಟಿತು. ಹೆಸರು ತುಸು ಉದ್ದ: 'ಮಾಡೆಲ್ ಟಿ ರನ್‌ಅಬೌಟ್ ವಿತ್ ಪಿಕಪ್ ಬಾಡಿ'. ಬೆಲೆ 281 ಡಾಲರ್. ಮುಂದೆ ಇಬ್ಬರು ಕೂರುವ ಸೀಟು, ಹಿಂದೆ 56 ಇಂಚು ಉದ್ದದ ಉಕ್ಕಿನ ತೊಟ್ಟಿ, ಅದಕ್ಕೊಂದು ಇಳಿಬಿಡುವ ಹಿಂಬಾಗಿಲು, ಹೊರೆ ತಾಳಲು ಗಟ್ಟಿಯಾದ ಸ್ಪ್ರಿಂಗ್ ಪ್ಲೇಟು. ಆ ವರ್ಷವೇ ಸುಮಾರು 34 ಸಾವಿರ ಗಾಡಿಗಳು ತಯಾರಾದವು. ಪಿಕಪ್‌ನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ನಿಜಕ್ಕೂ ಫೋರ್ಡ್ ಅಂದು ಹೊಸತೇನನ್ನೂ ಕಂಡುಹಿಡಿದಿರಲಿಲ್ಲ, ಗಿರಾಕಿಗಳು ಆಗಲೇ ಮಾಡಿಕೊಂಡಿದ್ದನ್ನು ಕಾರ್ಖಾನೆಯಲ್ಲಿ ಮಾಡಿಕೊಟ್ಟಿತು, ಅಷ್ಟೆ. 1908ರಲ್ಲಿ ಮಾಡೆಲ್ ಟಿ ಬಂದಂದಿನಿಂದ ರೈತರು ಮತ್ತು ಸಣ್ಣ ವ್ಯಾಪಾರಿಗಳು ಅದರ ಹಿಂಭಾಗ ಕಿತ್ತು ಹಲಗೆಯ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಹಾಲಿನ ಕ್ಯಾನು, ಕಾಳಿನ ಮೂಟೆ, ಕೋಳಿ ಎಲ್ಲವೂ ಅದರಲ್ಲೇ ಸಂತೆಗೆ ಹೋಗುತ್ತಿದ್ದವು. ಹಿಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಬೆಲ್ಟ್ ಹಾಕಿ ಗರಗಸ ಓಡಿಸಿದವರೂ ಇದ್ದರು. ಪಿಕಪ್ ಹುಟ್ಟಿದ್ದು ರೈತರ ಕೊಟ್ಟಿಗೆಯಲ್ಲಿ.

ಇಂದು ಅಮೆರಿಕದ ಊರೂರುಗಳ ಮನೆ ಗ್ಯಾರೇಜುಗಳಲ್ಲಿ ಎಪ್ಪತ್ತು ವರ್ಷ ಹಳೆಯ ಪಿಕಪ್‌ಗಳು ಬಿಚ್ಚಿಕೊಂಡು ಕೂತಿರುತ್ತವೆ. ಶನಿವಾರ, ಭಾನುವಾರ ಬಂತೆಂದರೆ ಯಾರೋ ಒಬ್ಬರು ಅದರ ಕೆಳಗೆ ಮಲಗಿರುತ್ತಾರೆ. ಇದನ್ನು ಹಳೆಯ ಕಾಲದ ಹಂಬಲ ಎಂದು ಕರೆದು ಸುಮ್ಮನಾಗುವುದು ಸುಲಭ. ಹಂಬಲವೊಂದೇ ಕಾರಣವಾಗಿದ್ದರೆ ಅದೇ ಕಾಲದ ರೇಡಿಯೊ, ಫ್ರಿಜ್ಜು, ಹೊಲಿಗೆ ಯಂತ್ರಗಳೂ ಇಷ್ಟೇ ಸಂಖ್ಯೆಯಲ್ಲಿ ದಿನಬಳಕೆಗೆ ಮರಳಬೇಕಿತ್ತು. ಪಿಕಪ್ ಮರಳಿದ್ದು ಅದರ ಹುಟ್ಟಿನ ಗುಣದಿಂದ. ಮಾಲೀಕನೇ ಬಿಚ್ಚುತ್ತಾನೆ, ಅವನೇ ಜೋಡಿಸುತ್ತಾನೆ ಎಂಬುದನ್ನು ಒಪ್ಪಿಕೊಂಡೇ ಅದನ್ನು ಕಟ್ಟಿದ್ದರು.

ಇದಕ್ಕೆ ಒಳ್ಳೆಯ ಸಾಕ್ಷಿ 1947ರ ಜೂನ್‌ನಲ್ಲಿ ಬಂದ ಷೆವರ್ಲೆ 'ಅಡ್ವಾನ್ಸ್ ಡಿಸೈನ್' ಸರಣಿಯ ಅರ್ಧ ಟನ್ನಿನ ಗಾಡಿ, 3100. ಎರಡನೆಯ ಮಹಾಯುದ್ಧದ ದೆಸೆಯಿಂದ 1942ರಲ್ಲಿ ನಾಗರಿಕರಿಗೆ ವಾಹನ ತಯಾರಿಸುವುದೇ ನಿಂತುಹೋಗಿತ್ತು. ಹೊಲಗಳಲ್ಲಿ ಇದ್ದ ಗಾಡಿಗಳು ಸವೆದು ಸುಣ್ಣವಾಗಿದ್ದವು. ಹಾಗಾಗಿ ಷೆವರ್ಲೆಯ ಒಡೆಯ ಜನರಲ್ ಮೋಟರ್ಸ್ ಯುದ್ಧಾನಂತರ ಮೊದಲು ಹೊಸದಾಗಿ ರೂಪಿಸಿದ್ದು ಕಾರನ್ನಲ್ಲ, ಟ್ರಕ್ಕನ್ನು. ಅದರ ಬಾನೆಟ್ ಎತ್ತಿದರೆ ಆರು ಸಿಲಿಂಡರಿನ, 90 ಅಶ್ವಶಕ್ತಿಯ ಉದ್ದನೆಯ ಎಂಜಿನ್ ಕಾಣುತ್ತದೆ. ಎರಡೂ ಪಕ್ಕದಲ್ಲಿ ಕೈಯಲ್ಲ, ಇಡೀ ತೋಳೇ ಹೋಗುವಷ್ಟು ಜಾಗ. ಪ್ಲಗ್, ಪಾಯಿಂಟ್, ಕಾರ್ಬ್ಯುರೇಟರ್, ಡೈನಮೊ ಎಲ್ಲವೂ ಕಣ್ಣೆದುರೇ. ಈ ಎಂಜಿನ್ ಮನೆತನಕ್ಕೆ 1929ರಿಂದ ಅಂಟಿದ ಅಡ್ಡಹೆಸರು 'ಸ್ಟೋವ್ ಬೋಲ್ಟ್'. ಅದರ ಬೋಲ್ಟುಗಳ ತಲೆ ಒಲೆಗೆ ಹಾಕುವ ಬೋಲ್ಟಿನಂತೆ ಇದ್ದುದರಿಂದ ಆ ಹೆಸರು. ಕನೆಕ್ಟಿಂಗ್ ರಾಡಿನ ಬೇರಿಂಗು ಎಂದರೆ ರಾಡಿನಲ್ಲೇ ಎರಕ ಹೊಯ್ದ ಮೆತ್ತನೆಯ ಬ್ಯಾಬಿಟ್ ಲೋಹ. ಅದರ ಎರಡು ಅರ್ಧಗಳ ನಡುವೆ ಕಾಗದದಷ್ಟು ತೆಳುವಾದ ತಗಡಿನ ಶಿಮ್‌ಗಳು. ಲೋಹ ಸವೆದು ಎಂಜಿನ್ ಟಕಟಕ ಬಡಿಯತೊಡಗಿದರೆ ಆಯಿಲ್ ಪ್ಯಾನ್ ಇಳಿಸಿ, ಒಂದೆರಡು ಶಿಮ್ ತೆಗೆದು ಮತ್ತೆ ಬಿಗಿದರೆ ಸಡಿಲ ಹೋಗುತ್ತದೆ. ಸವೆತವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಅದನ್ನು ಸರಿಪಡಿಸುವ ದಾರಿಯನ್ನೂ ಯಂತ್ರದೊಳಗೇ ಇಟ್ಟಿದ್ದ ವಿನ್ಯಾಸ ಇದು.

ತೊಟ್ಟಿಯ ತಳವನ್ನು ನೋಡಿದರೂ ಇದೇ ವಿವೇಕ ಕಾಣುತ್ತದೆ. ತಳ ಉಕ್ಕಿನದಲ್ಲ, ಪೈನ್ ಮರದ ಹಲಗೆಗಳದ್ದು. ಹಲಗೆ ಹಲಗೆಯ ಸಂದಿನಲ್ಲಿ ಉಕ್ಕಿನ ಪಟ್ಟಿ, ಪಟ್ಟಿಯನ್ನು ಹಿಡಿದಿಡಲು ಬೋಲ್ಟು. ಕಲ್ಲು ಬಿದ್ದು ಒಂದು ಹಲಗೆ ಸೀಳಿದರೆ ಅದೊಂದನ್ನೇ ಬದಲಿಸಿದರಾಯಿತು, ಬಡಗಿಯ ಕೆಲಸ ಬಲ್ಲ ರೈತನಿಗೆ ವೆಲ್ಡಿಂಗಿನವನ ಹಂಗಿಲ್ಲ. ಗಾಡಿ ಚಾಲೂ ಮಾಡುವುದಕ್ಕೂ ಬೀಗದ ಕೈ ತಿರುಗಿಸಿದರೆ ಸಾಲದು. ಕೀಲಿ ಹಾಕಿ, ಚೋಕ್ ಎಳೆದು, ಬಲಗಾಲಲ್ಲಿ ನೆಲದ ಪೆಡಲ್ ಒತ್ತಿ ಸೆಲ್ಫ್ ಹೊಡೆಯಬೇಕು. ಆ ಪೆಡಲ್ ಸ್ಟಾರ್ಟರಿನ ಸನ್ನೆಯನ್ನು ನೇರವಾಗಿ ತಳ್ಳುತ್ತದೆ. ಎಲ್ಲಿ ಒತ್ತಿದರೆ ಏನು ಅಲುಗುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು.

ಯಂತ್ರ ಹೀಗಿದ್ದರೆ ಸಾಲದು, ಅದನ್ನು ಬಿಚ್ಚಬಲ್ಲ ಜನರೂ ಬೇಕು. ಅದು ಕೂಡ ಆಕಸ್ಮಿಕವಾಗಿ ಆದದ್ದಲ್ಲ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಅಮೆರಿಕದ ಪ್ರೌಢಶಾಲೆಗಳಲ್ಲಿ ಬೇಸಾಯ ಮತ್ತು ಕಸುಬಿನ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಹಳ್ಳಿಯ ಹುಡುಗರು ಬೀಜಗಣಿತದ ಜೊತೆ ವೆಲ್ಡಿಂಗ್, ಎಂಜಿನ್ ಕೆಲಸವನ್ನೂ ಕಲಿತರು. ಯುದ್ಧಾನಂತರ ಪಟ್ಟಣದಂಚಿನ ಬಡಾವಣೆಗಳು ಬೆಳೆದಾಗ ಮನೆಗೆ ಹೊಂದಿಕೊಂಡೇ ಗ್ಯಾರೇಜು ಬಂತು. ಗಾಡಿ, ಜಾಗ, ಕೈಚಳಕ ಮೂರೂ ಒಂದೇ ಸೂರಿನಡಿ ಸೇರಿದವು.

ಅಷ್ಟರಲ್ಲಿ ಪಿಕಪ್‌ನ ಸ್ವಭಾವವೇ ಬದಲಾಗತೊಡಗಿತ್ತು. 1955ರಲ್ಲಿ ಷೆವರ್ಲೆ 'ಕ್ಯಾಮಿಯೊ ಕ್ಯಾರಿಯರ್' ತಂದಿತು. ತೊಟ್ಟಿಯ ಹೊರಮೈಗೆ ಫೈಬರ್‌ಗ್ಲಾಸ್ ಹೊದಿಕೆ, ಒಳಗೆ ಕಾರಿನ ಸೊಗಸು. ಕೆಲಸದ ಗಾಡಿ ಪೇಟೆಯ ಗಾಡಿಯಾಯಿತು. ಹಳೆಯವು ಹೊಲದ ಮೂಲೆ ಸೇರಿದವು. ಕಾರು ಸಂಗ್ರಹಿಸುವವರ ಕಣ್ಣು ಬಹುಕಾಲ ಅವುಗಳ ಮೇಲೆ ಬೀಳಲಿಲ್ಲ. ಈ ಅಸಡ್ಡೆಯೇ ಅವುಗಳಿಗೆ ವರವಾಯಿತು, ಬೆಲೆ ಏರದ್ದರಿಂದ ಸಾಮಾನ್ಯ ಸಂಬಳದವರ ಕೈಗೂ ಸಿಕ್ಕವು. 1947ರಿಂದ 1955ರ ಆರಂಭದವರೆಗೆ 'ಅಡ್ವಾನ್ಸ್ ಡಿಸೈನ್' ಸರಣಿಯ ಮೂಲ ರೂಪ ಹೆಚ್ಚು ಬದಲಾಗಿರಲಿಲ್ಲ, ಅದರ ಅವಳಿಯಾದ ಜಿಎಂಸಿ ಗಾಡಿಯೂ ಬಹುಪಾಲು ಅದೇ ತಗಡನ್ನು ಹಂಚಿಕೊಂಡಿತ್ತು. ಹಾಗಾಗಿ ಒಂದು ಅಚ್ಚು ಮಾಡಿಸಿದರೆ ಲಕ್ಷಾಂತರ ಗಾಡಿಗಳಿಗೆ ಹೊಂದುವ ಬಿಡಿಭಾಗ ಸಿದ್ಧ. ಬಾಗಿಲ ರಬ್ಬರು, ನೆಲದ ತಗಡು, ಹಲಗೆಗಳ ಕಟ್ಟು ಎಲ್ಲವೂ ಹೊಸದಾಗಿ ತಯಾರಾಗತೊಡಗಿದವು, ಕಾರ್ಖಾನೆಯ ದುರಸ್ತಿ ಕೈಪಿಡಿಗಳು ಮರುಮುದ್ರಣಗೊಂಡವು.

ಇಲ್ಲಿ ಒಂದು ಆಕ್ಷೇಪ ಸಹಜ. 'ಆಗಿನ ಕಾಲದ ಗಾಡಿ ಗಟ್ಟಿಮುಟ್ಟು' ಎಂಬುದು ಉಳಿದ ಬೆರಳೆಣಿಕೆಯ ಗಾಡಿಗಳನ್ನು ನೋಡಿ ಹೇಳುವ ಮಾತಲ್ಲವೇ? ಹೌದು, ಬಹುಪಾಲು ಗಾಡಿಗಳು ಎಂದೋ ಗುಜರಿಗೆ ಹೋದವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸೀಮೆಗಳಲ್ಲಿ ಕ್ಯಾಬಿನ್ನಿನ ಮೂಲೆ, ಬಾಗಿಲ ಕೆಳಗಿನ ಪಟ್ಟಿ, ನೆಲ ಮೊದಲು ಕೊಳೆಯುತ್ತವೆ. ಅರಿಜೋನಾದಂತಹ ಒಣ ನಾಡಿನ ಗಾಡಿಗೆ ಬೇಡಿಕೆ ಇರುವುದು ಇದಕ್ಕೇ. ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೆಯದಿದ್ದರೆ ಈ ಗಾಡಿಗಳು ಮುನಿಯುತ್ತಿದ್ದವು. ಇಂದಿನ ಗಾಡಿ ಅವಕ್ಕಿಂತ ಎಷ್ಟೋ ಹೆಚ್ಚು ದೂರ ರಗಳೆಯಿಲ್ಲದೆ ಓಡುತ್ತದೆ. ಆದರೆ ಇದು ನಮ್ಮ ವಾದಕ್ಕೇ ಬಲ ಕೊಡುತ್ತದೆ. ಹಳೆಯ ಪಿಕಪ್ ಕೆಡದೆ ಉಳಿದದ್ದಲ್ಲ. ಕೆಟ್ಟಾಗಲೆಲ್ಲ ಸರಿಹೋದದ್ದರಿಂದ ಉಳಿಯಿತು. ಬಾಳಿಕೆ ಬೇರೆ, ದುರಸ್ತಿಯ ಸಾಧ್ಯತೆ ಬೇರೆ.

ಸುರಕ್ಷತೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸೀಟ್ ಬೆಲ್ಟ್ ಇಲ್ಲ. ಢಿಕ್ಕಿಯಾದರೆ ಸ್ಟೀರಿಂಗ್ ಕಂಬ ಎದೆಗೇ ಗುರಿ. 1949ರಿಂದ 3100ರ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೇ ಇತ್ತು. ನಾಲ್ಕೂ ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ದಾರಿ, ಒಂದು ಪೈಪು ಸೋರಿದರೆ ಎಲ್ಲವೂ ಹೋದಂತೆ. ಇದನ್ನು ಅಲ್ಲಗಳೆಯಲಾಗದು. ವಿವೇಕಿಗಳು ಎರಡು ದಾರಿಯ ಬ್ರೇಕು, ಬೆಲ್ಟು ಹಾಕಿಸುತ್ತಾರೆ, ಟ್ಯಾಂಕನ್ನು ಹಿಂದಕ್ಕೆ ಸರಿಸುತ್ತಾರೆ, ಹೆದ್ದಾರಿ ಬಿಟ್ಟು ಊರ ದಾರಿ ಹಿಡಿಯುತ್ತಾರೆ. ಹಿಂದಿನ ಆಕ್ಸಲ್ಲಿನ 4.11ರ ಗೇರು ಹೊರೆಗೆಂದೇ ಇದ್ದದ್ದು, ವೇಗಕ್ಕಲ್ಲ. ಇಷ್ಟಾದರೂ ಅದು ಇಂದಿನ ಗಾಡಿಯಷ್ಟು ಸುರಕ್ಷಿತವಲ್ಲ. ಹೊಗೆಯ ವಿಷಯವೂ ಹಾಗೆಯೇ. ಕಿಲೋಮೀಟರಿನ ಲೆಕ್ಕ ಹಿಡಿದರೆ ಹಳೆಯ ಎಂಜಿನ್ ಹೊಸದಕ್ಕಿಂತ ಕೊಳಕು. ಕ್ಯಾಲಿಫೋರ್ನಿಯದಂತಹ ಕಟ್ಟುನಿಟ್ಟಿನ ರಾಜ್ಯವೂ 1975 ಮತ್ತು ಅದಕ್ಕಿಂತ ಹಳೆಯ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಕೊಟ್ಟಿದೆ ನಿಜ, ಆದರೆ ವಿನಾಯಿತಿಯೇ ನಿರ್ದೋಷದ ಪ್ರಮಾಣಪತ್ರವಲ್ಲ. ಎಲ್ಲರೂ ದಿನವೂ ಹಳೆಯ ಪಿಕಪ್ ಓಡಿಸಬೇಕು ಎಂಬುದು ಈ ಲೇಖನದ ವಾದವೇ ಅಲ್ಲ. ವಾರಕ್ಕೊಮ್ಮೆ ಹೊರಬರುವ ಗಾಡಿಯ ಹೊಗೆ ಅಲ್ಪ, ಅದು ಕಲಿಸುವ ಪಾಠ ದೊಡ್ಡದು.

ಮೂರನೆಯ ಆಕ್ಷೇಪ: ನೆಲ ಹೊಸದು, ಹಲಗೆ ಹೊಸದು, ಎಷ್ಟೋ ಸಲ ಎಂಜಿನ್ನೂ 1954ರ ನಂತರದ, 235 ಘನ ಇಂಚಿನದು. ಹಾಗಾದರೆ ಇದು ಅದೇ ಗಾಡಿಯೇ? ಊರ ತೇರನ್ನು ನೆನೆಸಿಕೊಂಡರೆ ಉತ್ತರ ಸಿಗುತ್ತದೆ. ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಹಗ್ಗವಂತೂ ಆಗಾಗ ಹೊಸದು. ತೇರು ಬೇರೆಯಾಯಿತೆಂದು ಯಾರೂ ಅನ್ನುವುದಿಲ್ಲ. ಕೆಲಸದ ಗಾಡಿಯ ಗುರುತು ಅದರ ಕೆಲಸದಲ್ಲಿದೆ.

ಹಳೆಯ ಪಿಕಪ್ ಕಲಿಸುವ ಪಾಠ ಯಾವುದೆಂದು ಅಮೆರಿಕದ ಇತ್ತೀಚಿನ ಕಾನೂನುಗಳೇ ಹೇಳುತ್ತವೆ. ಗಾಡಿಗಳಲ್ಲಿ ಕಂಪ್ಯೂಟರು ಬಂದ ಮೇಲೆ ದೋಷ ಓದುವ ಮಾಹಿತಿ ಕಂಪನಿಯ ಕೈಯಲ್ಲೇ ಉಳಿಯಿತು. ಅದನ್ನು ಹೊರಗಿನ ಮೆಕ್ಯಾನಿಕ್‌ಗೂ ಕೊಡಬೇಕೆಂದು ಮ್ಯಾಸಚೂಸೆಟ್ಸ್‌ನ ಜನ 2012ರಲ್ಲಿ ಮತ ಹಾಕಬೇಕಾಯಿತು. ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ಕೊಲೊರಾಡೊದ ರೈತರಿಗೆ 2023ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಅವರ ಅಜ್ಜಂದಿರು ಮಾಡೆಲ್ ಟಿಯ ಬೆನ್ನು ಕಿತ್ತು ಪೆಟ್ಟಿಗೆ ಕೂರಿಸುವಾಗ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ.

ನಮಗೂ ಈ ಕಥೆ ಹೊರಗಿನದಲ್ಲ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬೈಯ ಸೇವರಿಯಲ್ಲಿ ಗಾಡಿ ಜೋಡಿಸುತ್ತಿತ್ತು. 1940ರ ದಶಕದ ಕೊನೆಯಿಂದ ಮಹೀಂದ್ರ ಜೋಡಿಸಿದ ವಿಲ್ಲಿಸ್ ಜೀಪಿನ ಸಂತತಿ ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಬಹುಕಾಲ ಬಾಳಿದ್ದಕ್ಕೂ ಕಾರಣ ಅದೇ, ಊರ ಮೆಕ್ಯಾನಿಕ್ ಅದನ್ನು ಬಿಚ್ಚಬಲ್ಲವನಾಗಿದ್ದ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಶುಲ್ಕ 20 ಸಾವಿರ ರೂಪಾಯಿ. ಆದರೆ ಅವನ್ನು ಪ್ರದರ್ಶನ, ರ‍್ಯಾಲಿಯಂತಹ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ವಾಣಿಜ್ಯಕ್ಕೆ ಬಳಸುವಂತಿಲ್ಲ. ನಮ್ಮ ಕಾನೂನಿಗೆ ಹಳೆಯ ಗಾಡಿ ನೋಡುವ ವಸ್ತು. 2022ರ ಡಿಸೆಂಬರಿನಲ್ಲಿ ಇದೇ ಸರ್ಕಾರ ದುರಸ್ತಿಯ ಹಕ್ಕಿಗೆಂದು ಒಂದು ಜಾಲತಾಣವನ್ನೂ ತೆರೆಯಿತು, ವಾಹನಗಳು, ಕೃಷಿ ಯಂತ್ರಗಳು ಅದರ ವ್ಯಾಪ್ತಿಯಲ್ಲಿವೆ. ಈ ಎರಡರಲ್ಲಿ ಮುಂದಿನ ಐವತ್ತು ವರ್ಷಕ್ಕೆ ಹೆಚ್ಚು ಬೇಕಾದದ್ದು ಎರಡನೆಯದು. ಇಂದಿನ ಗಾಡಿಗಳಲ್ಲಿ ಯಾವುದು ವಿಂಟೇಜ್ ಆಗುವಷ್ಟು ಕಾಲ ಬದುಕುತ್ತದೆ ಎಂಬುದನ್ನು ತೀರ್ಮಾನಿಸುವುದು ಅದೇ. ಮುಂದಿನ ಸಲ ಗಾಡಿ ಕೊಳ್ಳಲು ಹೋದಾಗ ಮೈಲೇಜ್ ಎಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಮಾತೂ ಕೇಳಿ: ಕೆಟ್ಟರೆ ಇದನ್ನು ನಮ್ಮೂರಲ್ಲಿ ಬಿಚ್ಚಬಹುದೇ?