ಬೆಳಕು ತಣಿಸುವ ಪ್ರಯೋಗಶಾಲೆ

ನವಲಗುಂದ ತಾಲೂಕಿನ ತಿರ್ಲಾಪುರದ ಎರೆಭೂಮಿಯು ವೈಶಾಖದ ಬಿಸಿಲಿಗೆ ಬಾಯ್ದೆರೆದು ಬಿರಿದಿರುವಾಗ ಶೈತ್ಯದ ಮಾತೆತ್ತುವುದು ವಿನೋದವೆನಿಸೀತು. ಆದರೂ ಅತಿಶೈತ್ಯವು ಈ ಸೀಮೆಯ ಒಕ್ಕಲುಮಕ್ಕಳಿಗೆ ಅಪರಿಚಿತವೇನಲ್ಲ. ಬೆದೆಗೆ ಬಂದ ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಲೆಂದು ಕರೆದಾಗ, ಪಶುವೈದ್ಯರು ತೆರೆಯುವ ಪಾತ್ರೆಯಿಂದ ಬಿಳಿಯ ಹೊಗೆ ಉಕ್ಕುವುದನ್ನು ಕಂಡವರು ಬಹುಮಂದಿ. ಅದರೊಳಗಿರುವುದು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಸಾರಜನಕ. ಅದರಲ್ಲಿ ಮುಳುಗಿದ ನಳಿಕೆಗಳಲ್ಲಿ ಹೋರಿಯ ವೀರ್ಯವು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಉಷ್ಣವೆಂಬುದು ಕಣಗಳ ಚಲನೆಯೇ ಆದುದರಿಂದ, ಆ ಚಲನೆಯು ಪ್ರಕೃತಿ ಒಪ್ಪುವ ಕನಿಷ್ಠಕ್ಕಿಳಿಯುವ −273.15 ಡಿಗ್ರಿಯೇ ಶೈತ್ಯದ ತಳ. ಈ ನಿರಪೇಕ್ಷ ಶೂನ್ಯವನ್ನು ಸಮೀಪಿಸಬಹುದಲ್ಲದೆ ಮುಟ್ಟಲಾಗದು. 1908ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಹೀಲಿಯಮನ್ನು ದ್ರವೀಕರಿಸಿ ಅದಕ್ಕೆ ಸುಮಾರು ನಾಲ್ಕು ಡಿಗ್ರಿಗಳಷ್ಟು ಹತ್ತಿರ ಬಂದನು. ಉಳಿದ ಆ ನಾಲ್ಕು ಡಿಗ್ರಿಗಳ ದಾರಿಯೇ ದೀರ್ಘವಾದುದು.

ಆ ದಾರಿಯಲ್ಲಿ ಸಾಗುತ್ತಿರುವವರಲ್ಲಿ ಬೆಂಗಳೂರಿನವರೂ ಉಂಟು. ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪರಮಾಣುಗಳನ್ನು ಬೆಳಕಿನಿಂದಲೇ ತಣಿಸುತ್ತಾರೆ; ಬೆಳಕಿನ ಉಪಾಸಕರ ಮನೆಗೆ ಇದಕ್ಕಿಂತ ಒಪ್ಪುವ ಕಸುಬು ಬೇರೊಂದಿರಲಾರದು. ಎರೆಹೊಲವನ್ನು ಸುಡುವ ಬೆಳಕು ಅಲ್ಲಿ ತಂಪೆರೆಯುವ ಬಗೆಯನ್ನು ಕೇಳಿರಿ. ಗಾಳಿಯನ್ನು ಹೀರಿ ತೆಗೆದ ಉಕ್ಕಿನ ಸಂಪುಟದಲ್ಲಿ ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ ಮೊದಲಾದವುಗಳ ಪರಮಾಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಿಂದ ಧಾವಿಸುತ್ತಿರಲು, ಆರು ದಿಕ್ಕುಗಳಿಂದ ಲೇಸರ್ ಕಿರಣಗಳನ್ನು, ಎದುರಾಗಿ ಬರುವ ಪರಮಾಣುವೇ ಅವನ್ನು ಹೆಚ್ಚಾಗಿ ಹೀರುವಂತೆ ಅವುಗಳ ವರ್ಣವನ್ನು ಕಿಂಚಿತ್ ಕೆಂಪಿನತ್ತ ಸರಿಸಿ, ಹಾಯಿಸುತ್ತಾರೆ. ಓಡಿಬರುವ ಹೋರಿಯ ಹಣೆಗೆ ಕಡಲೆಕಾಳೆಸೆದು ನಿಲ್ಲಿಸುವ ಸಾಹಸವಿದು: ಒಂದು ಕಾಳಿನಿಂದಾಗದ್ದು ಸಹಸ್ರ ಕಾಳುಗಳಿಂದಾಗುತ್ತದೆ. ಅಲ್ಪಕಾಲದಲ್ಲಿಯೇ ಪರಮಾಣುಗಳು ನಿರಪೇಕ್ಷ ಶೂನ್ಯಕ್ಕೆ ಡಿಗ್ರಿಯ ಸಾವಿರದೊಂದಂಶಕ್ಕಿಂತಲೂ ಸಮೀಪವಾಗುತ್ತವೆ. ಹಾಗಿದ್ದೂ ಸಂಪುಟದ ಹೊರಮೈಯ ಮೇಲೆ ಹಿಮದ ಸುಳಿವಿಲ್ಲ. ತಣ್ಣಗಿರುವುದು ಒಳಗೆ ತೇಲುವ ಕೆಲವೇ ಮಿಲಿಮೀಟರುಗಳ ಮೋಡವೊಂದೇ.

ಇನ್ನೂ ಇಳಿದರೆ ಪರಮಾಣುಗಳು ತಮ್ಮ ಪ್ರತ್ಯೇಕತೆಯನ್ನು ತೊರೆದು ಏಕತರಂಗವಾಗುವುವೆಂಬ ಊಹೆ, 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಕಳುಹಿದ ಪ್ರಬಂಧದಿಂದ ಚಿಗುರಿದುದು. ಅಮೆರಿಕದ ಬೌಲ್ಡರಿನಲ್ಲಿ ಅದು ಪ್ರತ್ಯಕ್ಷವಾದುದು 1995ರಲ್ಲಿ. 2021ರಲ್ಲಿ ಜರ್ಮನಿಯ ವಿಜ್ಞಾನಿಗಳು ಬ್ರೆಮೆನ್ನಿನ ಗೋಪುರದೊಳಗೆ ತಣಿಸುವ ಯಂತ್ರವನ್ನೇ ಮುಕ್ತಪತನಕ್ಕೊಪ್ಪಿಸಿ, ಒಂದು ಡಿಗ್ರಿಯನ್ನು ಲಕ್ಷಕೋಟಿ ಪಾಲು ಮಾಡಿದರೆ ಅಂಥ 38 ಪಾಲಿನಷ್ಟೇ ಉಷ್ಣವುಳಿಯುವ ದಾಖಲೆಯ ಸ್ಥಿತಿಯನ್ನು ಸಾಧಿಸಿದರು. ಇದಕ್ಕೆ ತದ್ವಿರುದ್ಧವಾದ ತುದಿಯಲ್ಲಿ, ಕಣಭೌತ ಸಂಶೋಧನೆಯ ಸೆರ್ನ್ ಸಂಸ್ಥೆಯವರು ಸೀಸದ ಅಯಾನುಗಳನ್ನು ಡಿಕ್ಕಿಹೊಡೆಸಿ ಸುಮಾರು ಐದೂವರೆ ಲಕ್ಷಕೋಟಿ ಡಿಗ್ರಿಯ ತಾಪವನ್ನು ಕಂಡಿದ್ದಾರೆಂದು 2012ರಲ್ಲಿ ತಿಳಿಯಿತು. ಅದು ಮಹತ್ತಾದುದೇ ಸರಿ, ಆದರೆ ನನ್ನ ಗೌರವ ಕಣಗಳನ್ನು ನಿಲ್ಲಿಸುವವರ ಕಡೆಗೇ ಒಂದು ತೂಕ ಹೆಚ್ಚು.

ತಣಿಸುವ ಈ ವಿದ್ಯೆ ಪ್ರಯೋಗಶಾಲೆಯ ಹೊಸ್ತಿಲನ್ನು ಈಗಾಗಲೇ ದಾಟಿದೆ. ಜಗತ್ತಿನ ಸೆಕೆಂಡನ್ನು ನಿರ್ಣಯಿಸುವ ಸೀಸಿಯಂ ಗಡಿಯಾರಗಳಲ್ಲಿ ಶ್ರೇಷ್ಠವಾದವು ಇಂತಹ ತಣಿದ ಪರಮಾಣುಗಳಿಂದಲೇ ನಡೆಯುತ್ತವೆ. 2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು ತಣಿದ ಪರಮಾಣುಗಳಿಂದ ಗುರುತ್ವವನ್ನಳೆದು, ನೆಲದಡಿ ಹುದುಗಿದ್ದ ಸುರಂಗವೊಂದನ್ನು ಅಗೆಯದೆಯೇ ಗುರುತಿಸಿದರು.