ಎಣ್ಣೆ ಉಬ್ಬಲು ಒಂದಿಷ್ಟು ಜಾಗ

ಜೇವರ್ಗಿ ಕಡೆಯಿಂದ ಶಹಾಪುರ ದಾಟಿ ಸುರಪುರದತ್ತ ರಸ್ತೆ ಕೆಲಸ ಶುರುವಾಯಿತೆಂದರೆ ಊರಾಚೆಯ ಬಯಲಲ್ಲಿ ಒಂದು ಹಾಟ್ ಮಿಕ್ಸ್ ಪ್ಲಾಂಟ್ ಬಂದು ಕೂರುತ್ತದೆ. ಖಡಿಯ ರಾಶಿ, ತಿರುಗುವ ಡ್ರಮ್, ಟಿಪ್ಪರ್‌ಗಳ ಸಾಲು, ಹೊಗೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಡಾಂಬರಿನ ಟ್ಯಾಂಕಿಗಿಂತ ಎತ್ತರದಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತ ಪುಟ್ಟ ಟ್ಯಾಂಕೊಂದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಕಂಡವರೂ ನೀರಿನದೇ ಇರಬೇಕು ಅಂದುಕೊಳ್ಳುತ್ತಾರೆ. ಇರುವುದು ಎಣ್ಣೆ, ಪ್ಲಾಂಟ್ ತಣ್ಣಗಿದ್ದಾಗ ಅದೂ ಕಾಲು ಭಾಗ ಮಾತ್ರ.

ಹಿಂದೆ ಡಾಂಬರು ಕಾಯಿಸುವುದೆಂದರೆ ಕೆಳಗೆ ಕಟ್ಟಿಗೆ ಉರಿಸುವುದು. ತಳದ್ದು ಸೀದರೂ ಮೇಲಿನದು ಕರಗದು. ಸುಮಾರು 160 ಡಿಗ್ರಿಗೆ ಒಂದೇ ಸಮ ಕಾಯಬೇಕಾದ ಪದಾರ್ಥಕ್ಕೆ ನೇರ ಬೆಂಕಿ ಒಗ್ಗುವುದಿಲ್ಲ. ಉಗಿ ಬಳಸೋಣವೆಂದರೆ ಒತ್ತಡದ ಕಾಟ. 250 ಡಿಗ್ರಿಯ ಉಗಿಗೆ ವಾತಾವರಣದ ಸುಮಾರು 40 ಪಟ್ಟು ಒತ್ತಡ ತಾಳುವ ಬಾಯ್ಲರ್ ಬೇಕು. ಬಾಯ್ಲರ್ ಅಂದರೆ ಸರ್ಕಾರಕ್ಕೂ ಹಳೆಯ ಭಯ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. 1923ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಬಾಯ್ಲರ್ ಕಾಯ್ದೆಯಾಯಿತು. (ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆ ಆಗ ಅದರ ಹೊರಗಿತ್ತು.)

ಕಾಯ್ದೆ ಹಿಡಿದದ್ದು ಉಗಿಯನ್ನು, ಎಣ್ಣೆಯನ್ನಲ್ಲ. ಕುದಿಯದ ಎಣ್ಣೆ 250 ಡಿಗ್ರಿಯಲ್ಲೂ ಹೆಚ್ಚಿನ ಒತ್ತಡವಿಲ್ಲದೆ ಶಾಖ ಹೊರುತ್ತದೆ. ಈ ಅನುಕೂಲವನ್ನು ನಮ್ಮಲ್ಲಿ ಮನೆಮಾತಾಗಿಸಿದವರಲ್ಲಿ ಪುಣೆಯವರು ಮುಖ್ಯರು. ಬೆಲ್ಜಿಯಂನ ವಾನ್ಸನ್ ಕಂಪನಿಯ ಸಹಯೋಗದಲ್ಲಿ 1966ರಲ್ಲಿ ಎ. ಎಸ್. ಭಾಥೆನಾ ಶುರುಮಾಡಿದ ವಾನ್ಸನ್ ಇಂಡಿಯಾ, 1980ರಲ್ಲಿ ಥರ್ಮ್ಯಾಕ್ಸ್ ಆಯಿತು. ಅದರ ಥರ್ಮೋಪ್ಯಾಕ್ ಹೀಟರ್ ಕಾರ್ಖಾನೆಗಳಲ್ಲಿ ಚಿರಪರಿಚಿತ ಹೆಸರು. ಸುರುಳಿ ಪೈಪಿನಲ್ಲಿ ಎಣ್ಣೆ ಕಾಯುತ್ತದೆ, ಪಂಪು ಅದನ್ನು ಡಾಂಬರಿನ ಟ್ಯಾಂಕಿನೊಳಗಿನ ಪೈಪುಗಳಿಗೆ ನೂಕುತ್ತದೆ, ತಣಿದದ್ದು ಹಿಂದಿರುಗುತ್ತದೆ.

ಒತ್ತಡದಿಂದ ಪಾರಾದರೂ ಎಣ್ಣೆಯದು ಬೇರೆ ಹಟ. ಒಂದೊಂದು ಡಿಗ್ರಿಗೂ ಅದು ಶೇಕಡಾ 0.08ರ ಆಸುಪಾಸಿನಲ್ಲಿ ಹಿಗ್ಗುತ್ತದೆ. ಹೀಟರು, ಪೈಪು ಎಲ್ಲ ಸೇರಿ 2,000 ಲೀಟರ್ ಎಣ್ಣೆ ಇದೆಯೆನ್ನಿ. 30 ಡಿಗ್ರಿಯಿಂದ 230ಕ್ಕೆ ಏರಿದರೆ ಶೇಕಡಾ 16, ಅಂದರೆ 320 ಲೀಟರ್ ಹೆಚ್ಚುತ್ತದೆ. ಮುಚ್ಚಿದ ಪೈಪಿನಲ್ಲಿ ಅದಕ್ಕೆ ಜಾಗವಿಲ್ಲ. ಮೇಲಿನ ಟ್ಯಾಂಕು ಹುಟ್ಟಿದ್ದೇ ಈ ಹೆಚ್ಚುವರಿಯನ್ನು ಹಿಡಿದಿಡಲು. ಜರ್ಮನಿಯ ಡಿಐಎನ್ 4754 ಮಾನದಂಡ ಉಬ್ಬಿದ್ದರ 1.3 ಪಟ್ಟು ಜಾಗ ಕೇಳುತ್ತದೆ. ಫಿಟ್ಟರುಗಳ ರೂಢಿ ಇನ್ನೂ ಉದಾರ: ತಣ್ಣಗಿದ್ದಾಗ ಕಾಲು ಭಾಗ, ಕಾದಾಗ ಮುಕ್ಕಾಲು. 320 ಲೀಟರ್ ಅರ್ಧ ಟ್ಯಾಂಕಾಗಬೇಕು, ಹಾಗಾಗಿ ಟ್ಯಾಂಕು 640 ಲೀಟರಿನದು. ನನಗೆ ಈ ರೂಢಿಯೇ ಮೆಚ್ಚುಗೆ, ಯಾಕೆಂದರೆ ಲೆಕ್ಕ ಸಾಮಾನ್ಯವಾಗಿ ಮೊದಲ ದಿನವೊಂದೇ ಸರಿಯಿರುತ್ತದೆ.

ಗುತ್ತಿಗೆ ದೊಡ್ಡದಾಗುತ್ತದೆ, ಇನ್ನೊಂದು ಡಾಂಬರಿನ ಟ್ಯಾಂಕು ಬರುತ್ತದೆ. ಅದರ ಪೈಪುಗಳಲ್ಲಿ 500 ಲೀಟರ್ ಎಣ್ಣೆ. ಪಂಪು ಸಾಕೇ ಎಂದು ಕೇಳುವವರಿದ್ದಾರೆ, ಮೇಲಿನ ಟ್ಯಾಂಕು ಸಾಕೇ ಎಂದು ಕೇಳುವವರು ಕಡಿಮೆ. ಉಬ್ಬು ಈಗ 400 ಲೀಟರ್. ಕಾದಾಗ 160 ಖಾಲಿ ಇರಬೇಕಾದಲ್ಲಿ ಉಳಿಯುವುದು 80. ಹೊಸ ಪೈಪನ್ನು ಸೋರಿಕೆ ನೋಡಲು ನೀರು ತುಂಬಿ ಪರೀಕ್ಷಿಸಿದ್ದರಂತೂ ಒಳಗಿನ ಬಾಗುಗಳಲ್ಲಿ ನೀರು ಉಳಿದಿರುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್. ಅದು ಎಣ್ಣೆಯನ್ನು ಎತ್ತಿಕೊಂಡೇ ಮೇಲೆ ನುಗ್ಗುತ್ತದೆ. ಜಾಗ ಕಡಿಮೆಯಾದ ಹೊತ್ತಿಗೇ ಉಕ್ಕು ಹೆಚ್ಚು. ಬಲ್ಲವರು 100 ಡಿಗ್ರಿಯ ಆಚೀಚೆ ಗಂಟೆಗಟ್ಟಲೆ ನಿಲ್ಲಿಸಿ, ಪೈಪಿನೊಳಗಿನ ಗುಡುಗುಡು ನಿಂತ ಮೇಲಷ್ಟೇ ಮುಂದೆ ಕಾಯಿಸುತ್ತಾರೆ. ಟ್ಯಾಂಕಿನ ಗಾಳಿಕೊಳವೆಯ ಬಾಯನ್ನೂ ಜನ ಓಡಾಡುವಲ್ಲಿ ಬಿಡದೆ, ಕೆಳಗಿನ ಡ್ರಮ್ಮಿಗೆ ಇಳಿಸುತ್ತಾರೆ.

ಟ್ಯಾಂಕಿಗೆ ಎಲ್ಲಕ್ಕಿಂತ ಎತ್ತರದ ಜಾಗ ಕೊಟ್ಟದ್ದಕ್ಕೂ ಕಾರಣವಿದೆ. ಅಲ್ಲಿಂದ ಇಳಿದ ಪೈಪು ಪಂಪಿನ ಬಾಯಿಗೆ ಸೇರುತ್ತದೆ. ಎಣ್ಣೆಯ ಭಾರ ಸದಾ ಪಂಪಿನ ಮೇಲಿದ್ದರೆ ಅದು ಗಾಳಿ ಎಳೆಯುವುದಿಲ್ಲ. ಉಳಿದ ಪೈಪುಗಳಿಗೆಲ್ಲ ಗಾಜಿನ ಉಣ್ಣೆಯ ಹೊದಿಕೆ, ಟ್ಯಾಂಕಿಗೂ ಈ ಪೈಪಿಗೂ ಇಲ್ಲ. ಬಿಸಿ ಎಣ್ಣೆಗೆ ಗಾಳಿ ತಾಗಿದರೆ ಕೆಡುತ್ತದೆ, ಆದ್ದರಿಂದ ಟ್ಯಾಂಕನ್ನು ಸುಮಾರು 60 ಡಿಗ್ರಿಯೊಳಗೆ ಇಡುವುದು ವಾಡಿಕೆ. ನಮ್ಮ ಬೇಸಿಗೆ ಬಿಸಿಲಲ್ಲಿ ನಿಂತ ಕಬ್ಬಿಣಕ್ಕೆ ಅದೂ ಸುಲಭವಲ್ಲ. ರಾಸಾಯನಿಕ ಕಾರ್ಖಾನೆಗಳಲ್ಲಾದರೆ ಖಾಲಿ ಭಾಗಕ್ಕೆ ನೈಟ್ರೋಜನ್ ತುಂಬಿ ಗಾಳಿಯನ್ನೇ ದೂರವಿಡುವ ಏರ್ಪಾಡುಂಟು.

ಋತುವಿನ ಲೆಕ್ಕ ಇನ್ನೊಂದು. ಮೇ ತಿಂಗಳ 42 ಡಿಗ್ರಿಯಲ್ಲಿ ಕಾಲು ಭಾಗಕ್ಕೆ ಎಣ್ಣೆ ತುಂಬಿದರೆ, ಡಿಸೆಂಬರಿನ ನಸುಕಿಗೆ 25 ಡಿಗ್ರಿಯಷ್ಟು ತಣಿದು 40 ಲೀಟರ್ ಕುಗ್ಗಿರುತ್ತದೆ. ಮಟ್ಟ ಕಾಯುವ ಸ್ವಿಚ್ಚು ಬರ್ನರ್ ಹೊತ್ತಲು ಬಿಡುವುದಿಲ್ಲ. ಟಿಪ್ಪರ್‌ಗಳು ಕಾಯುತ್ತಿರುತ್ತವೆ, ಅವಸರದಲ್ಲಿ ಯಾರೋ ಸ್ವಿಚ್ಚಿನ ಎರಡು ವೈರು ಸೇರಿಸಿಬಿಡುತ್ತಾರೆ. ಆ ದಿನ ಏನೂ ಆಗದಿರಬಹುದು. ಮುಂದೊಮ್ಮೆ ನಿಜಕ್ಕೂ ಎಣ್ಣೆ ಸೋರಿದಾಗ ಪಂಪು ಗಾಳಿ ಎಳೆಯುತ್ತದೆ, ಬರ್ನರ್ ಉರಿಯುತ್ತಲೇ ಇರುತ್ತದೆ, ಸುರುಳಿಯಲ್ಲಿ ನಿಂತ ಎಣ್ಣೆ ಕರಕಲಾಗಿ ಪೈಪಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕಚ್ಚಿದಲ್ಲಿ ಪೈಪು ಕೆಂಪಗೆ ಕಾದು ತೂತು ಬೀಳುತ್ತದೆ, ಉಳಿದ ಎಣ್ಣೆ ನೇರ ಬೆಂಕಿಗೆ ಸುರಿಯುತ್ತದೆ.