ತಂತಿಯಿಲ್ಲದ ತಂಬೂರಿ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹಾಡುವವರಿಗೆ ಕೊರತೆಯಿಲ್ಲ, ಕೊರತೆಯಿರುವುದು ತಂಬೂರಿಗೆ. ಮಿರಜದಿಂದ ತರಿಸುವ ಒಳ್ಳೆಯ ವಾದ್ಯ ಸಾಮಾನ್ಯ ಮನೆಯ ಶಕ್ತಿಗೆ ಮೀರಿದ್ದು. ತಂದರೂ ಮಳೆಗಾಲದ ತೇವಕ್ಕೆ ಮರ ಉಬ್ಬಿ ಶ್ರುತಿ ನಿಲ್ಲುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಾಡು ಕಲಿಯತೊಡಗಿದಾಗ ನನಗೆ ದೊರೆತ ತಂಬೂರಿ ಮೊಬೈಲಿನೊಳಗಿನದು. ‘ಅದು ತಂಬೂರಿಯೇ ಅಲ್ಲ’ ಎನ್ನುವ ಹಿರಿಯರುಂಟು. ಆ ಮಾತು ಎಷ್ಟರಮಟ್ಟಿಗೆ ನಿಜ?

ತಂಬೂರಿಯ ನಾದದ ಗುಟ್ಟು ಅದರ ಕುದುರೆಯಲ್ಲಿದೆ. ಅಗಲವಾಗಿ, ತುಸು ಬಾಗಿದ ಅದರ ಮೈಗೆ ತಂತಿ ಸವರುತ್ತ ಕಂಪಿಸುತ್ತದೆ. ನಡುವೆ ಸಿಕ್ಕಿಸಿದ ನೂಲೆಳೆ ಆ ಸ್ಪರ್ಶವನ್ನು ಹದಗೊಳಿಸುತ್ತದೆ. ಮೀಟಿದ ಬಿಂದುವಿನ ಕಾರಣದಿಂದ ಹುಟ್ಟಬಾರದ ಉಪಸ್ವರಗಳೂ ಇಲ್ಲಿ ಕೇಳಿಬರುತ್ತವೆ ಎಂಬುದನ್ನು ಸಿ. ವಿ. ರಾಮನ್ನರು 1921ರಲ್ಲೇ ತೋರಿಸಿದರು.

ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರರು, ಕೊಳಲು ವಾದಕರೂ ಹೌದು. 1970ರ ದಶಕದ ಕೊನೆಗೆ ಅವರು ವಿದ್ಯುತ್ ತಂಬೂರಿಯನ್ನು ರೂಪಿಸಿದರು. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿಕೊಂಡು ನುಡಿಸುವ ಯಂತ್ರಗಳು ಬಂದವು. ಇನ್ನೊಂದು ದಾರಿಯೆಂದರೆ ತಂತಿಯನ್ನೇ ಲೆಕ್ಕದಲ್ಲಿ ಕಟ್ಟುವುದು. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬ ಇಬ್ಬರು 1983ರಲ್ಲಿ ಪ್ರಕಟಿಸಿದ ಕ್ರಮ ಆಶ್ಚರ್ಯವಾಗುವಷ್ಟು ಸರಳ. ಸೆಕೆಂಡಿಗೆ 140 ಕಂಪನಗಳ ಷಡ್ಜ ಬೇಕೆನ್ನಿ. ಸೆಕೆಂಡಿಗೆ 44,100 ಅಂಕೆಗಳನ್ನು ಧ್ವನಿಯಾಗಿಸುವ ಯಂತ್ರದಲ್ಲಿ ಸುಮಾರು 315 ಅಂಕೆಗಳನ್ನು ಮನಬಂದಂತೆ ತುಂಬಿ, ಬಳೆಯಂತೆ ಸುತ್ತಿಸಬೇಕು. ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕದ ಎರಡರ ಸರಾಸರಿ ತೆಗೆಯುತ್ತ ಹೋಗಬೇಕು. ಮೇಲಿನ ಉಪಸ್ವರಗಳು ಮೊದಲು ಅಡಗುತ್ತವೆ, ಮೀಟಿದ ತಂತಿಯಲ್ಲಿ ಆಗುವಂತೆಯೇ! ಕುದುರೆಯ ಸವರಾಟವನ್ನು ಲೆಕ್ಕಕ್ಕೆ ತರುವುದು ಮಾತ್ರ ಇಷ್ಟು ಸುಲಭವಲ್ಲ.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಬಾಖನ ಕಾಲದ ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನೊತ್ತಿದರೆ ಹಕ್ಕಿಯ ಗರಿಯ ತುಂಡು ತಂತಿಯನ್ನು ಮೀಟುತ್ತಿತ್ತು. ಜೋರಾಗಿ ಒತ್ತಿದರೂ ಧ್ವನಿ ಹೆಚ್ಚುತ್ತಿರಲಿಲ್ಲವೆಂದೇ ಹೇಳಬೇಕು. ಇಂದು ಅದನ್ನು ಡಿಜಿಟಲ್ ಕೀಬೋರ್ಡಿನಲ್ಲಿ ನುಡಿಸುವವರು ಬೆರಳಿನ ಒತ್ತಡಕ್ಕೆ ಧ್ವನಿ ಏರಿಳಿಯದಂತೆ ಮಾಡಿಕೊಂಡು, ಹಳೆಯ ಸ್ವರಮೇಳವನ್ನೂ ಆರಿಸಿಕೊಳ್ಳುತ್ತಾರೆ. ಕೆಲವು ಯಂತ್ರಗಳಲ್ಲಿ ಆ ಸೌಕರ್ಯವಿದೆ.

ನಮ್ಮಲ್ಲಿ ಸ್ವರಮೇಳದ ಜಗಳ ಹಾರ್ಮೋನಿಯಮ್ಮಿನ ಮೇಲೆ ನಡೆಯಿತು. ರೇಡಿಯೋ 1940ರಲ್ಲಿ ಅದನ್ನು ನಿಷೇಧಿಸಿ 1971ರಲ್ಲಿ ಸಡಿಲಿಸಿತು. ಕಾರಣವನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಷಡ್ಜ 140 ಆದರೆ ಖರಜದ ತಂತಿ 70. ಅದರ ಐದನೆಯ ಉಪಸ್ವರ 350. ಅದೇ ತಂಬೂರಿಯಲ್ಲಿ ತಾನಾಗಿ ನುಡಿಯುವ ಗಾಂಧಾರ. ಸಮ ಅಂತರಗಳ ಹಾರ್ಮೋನಿಯಮ್ಮಿನ ಗಾಂಧಾರ ಸುಮಾರು 352.8. ಎರಡನ್ನೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಮೂರರ ಸಮೀಪ ಅಲೆಗಳೆದ್ದು ನಾದ ನಡುಗುತ್ತದೆ. ನನ್ನ ಮೊಬೈಲಿನ ತಂಬೂರಿಯಲ್ಲಿ ಆ ಗಾಂಧಾರ ಸ್ಪಷ್ಟವಾಗಿ ಕೇಳುತ್ತದೆ. ಆದ್ದರಿಂದ ಹಿರಿಯರ ಕೋಪ ಹಾರ್ಮೋನಿಯಮ್ಮಿನ ಮೇಲಾದರೆ ಒಪ್ಪುವೆನು, ಇದರ ಮೇಲಾದರೆ ಒಪ್ಪಲಾರೆ.

ನಮ್ಮ ಬಡಗುತಿಟ್ಟಿನ ಯಕ್ಷಗಾನವನ್ನೇ ನೋಡಿ: ಹಿಂದಿನ ಪುಂಗಿಯ ಶ್ರುತಿ ಹೋಗಿ ಹಾರ್ಮೋನಿಯಂ ಬಂತು, ಈಗ ಭಾಗವತರ ಬಳಿ ವಿದ್ಯುತ್ ಶ್ರುತಿಪೆಟ್ಟಿಗೆ ಕುಳಿತಿದೆ.

ಆದರೂ ಒಂದು ನಷ್ಟವುಂಟು. ಬಿರಡೆ ತಿರುಗಿಸಿ, ನೂಲೆಳೆ ಸರಿಸಿ, ತಂತಿಯನ್ನು ತಾನೇ ಸೇರಿಸುವವನ ಕಿವಿ ಹಾಡುವ ಮೊದಲೇ ಅರ್ಧ ಪಾಠ ಕಲಿತಿರುತ್ತದೆ. ನಾನು ಗುಂಡಿಯೊತ್ತುತ್ತೇನೆ, ಶ್ರುತಿ ಸಿದ್ಧವಾಗಿ ಬರುತ್ತದೆ. ಇದಕ್ಕಾಗಿ ಈಗ ಮೊಬೈಲಿನ ಪಂಚಮವನ್ನು ಬೇಕೆಂದೇ ತುಸು ಇಳಿಸಿ, ಕಣ್ಣುಮುಚ್ಚಿ, ಅಲೆ ನಿಲ್ಲುವವರೆಗೆ ಏರಿಸುವ ಅಭ್ಯಾಸವಿಟ್ಟುಕೊಂಡಿದ್ದೇನೆ. ಹತ್ತು ನಿಮಿಷ ಹಿಡಿಯುತ್ತದೆ.